ಪುಟದ ಕೊನೆಯ ಖಾಲಿ ಜಾಗ

ಸಿಂಧನೂರಿನ ಗಂಜ್, ಅಂದರೆ ದವಸದ ಪೇಟೆಯ ಹತ್ತಿರ ಒಂದು ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನು ಕೆಲಸ ಮಾಡುತ್ತಿದ್ದೆ. ಕೆಳಗಿನಿಂದ ಯೂರಿಯಾ ವಾಸನೆ, ತಲೆಯ ಮೇಲೆ ಫ್ಯಾನಿನ ಗರಗರ, ಎದುರಿಗೆ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು. ಎಂಬತ್ತರ ದಶಕ ಮುಗಿದು ತೊಂಬತ್ತು ಶುರುವಾದ ಆ ವರ್ಷಗಳನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ನಿದ್ದೆ. ಮಸ್ಕಿಯಿಂದ ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಬರುವಾಗ ಕಾಲುವೆಯ ನೀರು ಅಲ್ಲೊಮ್ಮೆ ಇಲ್ಲೊಮ್ಮೆ ಹೊಳೆದು ಮರೆಯಾಗುತ್ತಿತ್ತು. ಆಗ ಹಿಡಿದ ಜೊಂಪು ಸಂಜೆಯವರೆಗೂ ಪೂರ್ತಿ ಬಿಡುತ್ತಿರಲಿಲ್ಲ. ಆ ಜೊಂಪಿನಲ್ಲೇ ನಾನು ಒಂದು ಲೈಬ್ರರಿಯ ಬಗ್ಗೆ ನೂರಾರು ಪುಟ ಬರೆದೆ.

ಲೈಬ್ರರಿ ಎಂದರೆ ಪುಸ್ತಕದ ಕಪಾಟಲ್ಲ. ಹೈದರಾಬಾದಿನ ಒಂದು ಸಣ್ಣ ಕಂಪನಿ ತಾನೇ ಜೋಡಿಸಿದ ಕಂಪ್ಯೂಟರಿಗೆ ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಒಗ್ಗಿಸಿ, ನಮ್ಮ ಕಡೆಯ ಅಕ್ಕಿ ಗಿರಣಿಗಳಿಗೂ ಹತ್ತಿ ಬಿಡಿಸುವ ಜಿನ್ನುಗಳಿಗೂ ಮಾರುತ್ತಿತ್ತು. ಆ ವ್ಯವಸ್ಥೆಯ ತಳದಲ್ಲಿ ಸಿ ಎಂಬ ಭಾಷೆಯ ಲೈಬ್ರರಿ ಇರುತ್ತದೆ. ಪ್ರೋಗ್ರಾಂ ಬರೆಯುವವರೆಲ್ಲ ದಿನಾ ಕರೆದು ದುಡಿಸಿಕೊಳ್ಳುವ ಆಳುಗಳ ಗುಂಪು ಅದು. ಒಬ್ಬ ಅಕ್ಷರ ಎಣಿಸಿ ಹೇಳುತ್ತಾನೆ, ಒಬ್ಬ ಹೆಸರುಗಳನ್ನು ಅನುಕ್ರಮಕ್ಕೆ ಹಚ್ಚುತ್ತಾನೆ, ಒಬ್ಬ ಸೆಕೆಂಡಿನ ಲೆಕ್ಕ ಕೊಟ್ಟರೆ ದಿನ, ಹೊತ್ತು ಹೇಳುತ್ತಾನೆ. ಈ ಆಳುಗಳಿಗೆ ಫಂಕ್ಷನ್ ಎನ್ನುತ್ತಾರೆ. ಇಡೀ ಲೈಬ್ರರಿಯನ್ನು ನೋಡಿಕೊಳ್ಳುವ ಗುತ್ತಿಗೆ ನಮ್ಮ ಸರ್‌ಗೆ ಸಿಕ್ಕಿತ್ತು. ಅವರು ಮೊದಲು ಅದೇ ಕಂಪನಿಯಲ್ಲಿದ್ದವರು, ಅಲ್ಲಿಯ ಊಟ ಒಗ್ಗದೆ ಊರಿಗೆ ವಾಪಸು ಬಂದವರು. ಕೆಟ್ಟದ್ದನ್ನು ರಿಪೇರಿ ಮಾಡುವುದು ಅವರ ಕೆಲಸ. ಯಾವ ಫಂಕ್ಷನ್ ಏನು ಕೇಳುತ್ತದೆ, ಏನು ಕೊಡುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಬರೆದಿಡುವುದು ನನ್ನ ಕೆಲಸ.

ಲಿಂಗಸುಗೂರಿನ ಕಾಲೇಜಿನಲ್ಲಿ ಬಿಎಸ್ಸಿ ಮಾಡಿದ್ದ ನನಗೆ ಟೈಪಿಂಗ್ ಬರುತ್ತಿತ್ತು, ಇಂಗ್ಲಿಷಿನ ಭಯವಿರಲಿಲ್ಲ. ಅಷ್ಟು ಸಾಕಾಯಿತು. ಫಂಕ್ಷನ್ನಿನ ಒಳಗಿನ ಕೋಡ್ ಓದಿ ಬರೆಯಬಾರದು, ಅದನ್ನೇ ಕೇಳಿ ಬರೆಯಬೇಕು ಎಂಬುದು ನನ್ನ ಹಟ. ಹೊಸ ಸೊಸೆಯನ್ನು ಕೆಣಕುವ ಅತ್ತೆಯ ಹಾಗೆ ಒಂದೊಂದನ್ನೂ ಕೂರಿಸಿಕೊಂಡು ಕೆಣಕುತ್ತಿದ್ದೆ. ಎಣಿಸುವವನಿಗೆ ಖಾಲಿ ಪದ ಕೊಡುವುದು, ಹೊತ್ತು ಹೇಳುವವನಿಗೆ ಇಲ್ಲದ ದಿನ ಕೊಡುವುದು. ಮಧ್ಯಾಹ್ನ ಬಿಸಿಲು ಮಾಡಿನ ತಗಡಿನ ಮೇಲೆ ಕೂತಾಗ ಹಸಿರು ಅಕ್ಷರಗಳು ನೀರಿನಲ್ಲಿ ತೇಲುವಂತೆ ಕಾಣುತ್ತಿದ್ದವು. ಈ ಆಳುಗಳೆಲ್ಲ ಯಾರ ಮನೆಯವರು, ರಾತ್ರಿ ಎಲ್ಲಿ ಮಲಗುತ್ತಾರೆ ಎಂದೆಲ್ಲ ಯೋಚಿಸುತ್ತಾ ಕೂರುತ್ತಿದ್ದೆ. ಇಷ್ಟು ಸೆಕೆಂಡು ಮಲಗು ಎಂದರೆ ಅಷ್ಟೇ ಹೊತ್ತು ಮಲಗಿ ಏಳುವ ಫಂಕ್ಷನ್ ಒಂದಿತ್ತು. ಅದರ ಪುಟ ಬರೆಯುವಾಗ ನಾನು ಮೇಜಿನ ಮೇಲೆಯೇ ತಲೆಯಿಟ್ಟು ಮಲಗಿಬಿಟ್ಟಿದ್ದೆ.

“ಪರೀಕ್ಷಾ ಮಾಡಾಕತ್ತೀಯೇನವಾ?” ಎಂದು ಸರ್ ಬಾಗಿಲಲ್ಲಿ ನಿಂತು ಕೇಳಿದರು.

“ಹೂನ್ರೀ ಸರ್, ಅದು ಎದ್ದೈತಿ, ನಾನು ಇನ್ನಾ ಎದ್ದಿಲ್ಲ,” ಎಂದೆ. ಅವರು ನಕ್ಕು ಒಳಗೆ ಬಂದು ಚಹಾ ತರಿಸಿದರು.

ನಮ್ಮಿಬ್ಬರಿಗೂ ಜಗಳ ಇದ್ದದ್ದು ಒಂದೇ ವಿಷಯಕ್ಕೆ. ಪ್ರತಿ ಪುಟಕ್ಕೂ ಗೊತ್ತಾದ ಭಾಗಗಳಿರುತ್ತವೆ: ಮೊದಲು ಹೆಸರು, ಆಮೇಲೆ ಬಳಸುವ ರೀತಿ, ವಿವರಣೆ, ಉತ್ತರ. ಎಲ್ಲಕ್ಕಿಂತ ಕೊನೆಗೆ ‘ದೋಷಗಳು’. ಯುನಿಕ್ಸಿನವರು ಎಲ್ಲ ಕಡೆ ಹೀಗೆಯೇ ಬರೆಯುತ್ತಾರೆ. ತಮ್ಮ ಸರಕಿನ ಕೊರತೆಯನ್ನು ತಾವೇ ಬರೆದು ಕೆಳಗೆ ಹಚ್ಚುವ ಈ ಪದ್ಧತಿ ನನಗೆ ಬಹಳ ಹಿಡಿಸಿತ್ತು. ಸರ್‌ಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

“ಗಂಜಿನ್ಯಾಗ ಯಾರರ ತಮ್ಮ ಮಾಲಿನ ದೋಷ ತಾವ ಹೇಳ್ತಾರೇನವಾ? ಹುಳ ಬಿದ್ದ ಜ್ವಾಳ ಅಂತ ಚೀಟಿ ಹಚ್ಚಿ ಮಾರೋದು ನೋಡೀಯೇನು?”

“ಇದು ಜ್ವಾಳ ಅಲ್ರೀ ಸರ್. ಇದನ್ನ ಓದಿ ಮಂದಿ ಪ್ರೋಗ್ರಾಂ ಬರೀತಾರ.”

“ಓದ್ತಾರ! ನಿಮ್ಮೂರಾಗ ಬಂಡಿಗಲ್ಲಿನ ಮ್ಯಾಲೆ ಕೊರದಿದ್ದನ್ನ ಅಷ್ಟು ವರ್ಷ ಯಾರೂ ಓದಿರಲಿಲ್ಲ. ನಿನ್ನ ಕಾಗದ ಓದ್ತಾರಂತ.”

ಮಸ್ಕಿಯ ಶಾಸನದ ಬಂಡೆಯನ್ನು ಹೀಗೆ ಎಳೆದು ತಂದರೆ ನನಗೆ ಸಿಟ್ಟು ಬರುತ್ತಿತ್ತು. ಆದರೆ ಸಂಬಳ ಕೊಡುವವರು ಅವರು.

ಗಿರಣಿಗಳ ಗುಮಾಸ್ತರಿಗೆ ಅನುಕೂಲವಾಗಲಿ ಎಂದು ನಾನು ಮುಖ್ಯ ಪುಟಗಳನ್ನು ಕನ್ನಡದಲ್ಲೂ ಬರೆಯುತ್ತಿದ್ದೆ. ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಕೈಯಿಂದ ಕೊರೆದು, ಲಿಂಗಸುಗೂರಿಗೆ ಒಯ್ದು, ಅಲ್ಲಿಯ ಸೈಕ್ಲೋಸ್ಟೈಲ್ ಅಂಗಡಿಯಲ್ಲಿ ಪ್ರತಿ ತೆಗೆಸಬೇಕು. ಹಾಳೆ ಲಿಂಗಸುಗೂರಿಗೆ ಹೊರಡುವ ಮೊದಲು ಸರ್ ಬೆಳಕಿಗೆ ಹಿಡಿದು ನೋಡುತ್ತಿದ್ದರು. ‘ದೋಷಗಳು’ ಎಂಬ ತಲೆಬರಹವನ್ನು ಬಿಟ್ಟು ಅದರ ಕೆಳಗಿನ ಸಾಲುಗಳ ಮೇಲೆ ತಿದ್ದುವ ಬಣ್ಣ ಬಳಿಯುತ್ತಿದ್ದರು. ಉಗುರಿಗೆ ಹಚ್ಚುವ ಬಣ್ಣದಂತೆ ಗುಲಾಬಿಯಾಗಿ ಹೊಳೆಯುತ್ತಿದ್ದ ಅದರ ಘಾಟು ವಾಸನೆ ಬಸ್ಸಿನಲ್ಲೂ ಹಾಳೆಯಿಂದ ಬರುತ್ತಿತ್ತು. ಅಚ್ಚಾದ ಮೇಲೆ ಎಲ್ಲ ಪುಟಗಳ ಕೊನೆಗೂ ‘ದೋಷಗಳು’ ಎಂದಿರುತ್ತಿತ್ತು, ಕೆಳಗೆ ಬರೀ ಬಿಳಿ ಜಾಗ. ಓದಿದವರು ದೋಷವೇ ಇಲ್ಲ ಎಂದುಕೊಳ್ಳುತ್ತಿದ್ದರು.

ಹೊತ್ತು ಹೇಳುವ ಫಂಕ್ಷನ್ನಿನ ಪುಟಕ್ಕೂ ಇದೇ ಗತಿಯಾಯಿತು. ಅದಕ್ಕೆ ನಾನು ಬರೆದಿದ್ದ ಸಾಲು ನನಗೆ ಬಾಯಿಪಾಠ. ‘ಉತ್ತರ ಇಡಲು ಇದಕ್ಕೆ ಒಂದೇ ಜಾಗವಿದೆ. ಎರಡನೆಯ ಸಲ ಕೇಳಿದರೆ ಮೊದಲ ಉತ್ತರ ಅಳಿದುಹೋಗುತ್ತದೆ. ಬೇಕಿದ್ದರೆ ಮೊದಲೇ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ.’ ಶಾಲೆಯಲ್ಲಿ ಒಂದೇ ಪಾಟಿಯ ಮೇಲೆ ಬರೆದು ಒರೆಸಿ ಮತ್ತೆ ಬರೆಯುತ್ತಿದ್ದೆವಲ್ಲ, ಹಾಗೆ. ಅದು ಕೆಟ್ಟದ್ದೇನಲ್ಲ, ಆ ಫಂಕ್ಷನ್ ಹುಟ್ಟಿದ್ದೇ ಹಾಗೆ. ಗೊತ್ತಿದ್ದವರಿಗೆ ತೊಂದರೆಯಿಲ್ಲ, ಗೊತ್ತಿಲ್ಲದವರಿಗೆ ಕಷ್ಟ.

ಇನ್ನು ನಮ್ಮ ಅಕ್ಕನ ವಿಷಯ. ಅಕ್ಕನನ್ನು ಜವಳಗೇರಾಕ್ಕೆ ಕೊಟ್ಟಿತ್ತು. ಮಾವ, ಅಂದರೆ ಅವಳ ಗಂಡ, ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ಅಲ್ಲಿ ಅವರಿಗೆ ಕ್ವಾಟರ್ಸ್ ಇತ್ತು, ನಲ್ಲಿ ಇತ್ತು, ಆಸ್ಪತ್ರೆ ಇತ್ತು. ಅಲ್ಲಿಗೇ ಬಾ ಎಂದು ಅವರು ವರ್ಷವಿಡೀ ಕರೆಯುತ್ತಿದ್ದರು. ಅಕ್ಕ ಹೋಗಲೊಲ್ಲಳು. ಕಾಲುವೆಯ ಕಟ್ಟಕಡೆಯಲ್ಲಿ ಅವರಿಗೊಂದು ಭತ್ತದ ಗದ್ದೆ ಇತ್ತು. ಅದನ್ನು ಅವಳೇ ನಿಂತು ಮಾಡಿಸುತ್ತಿದ್ದಳು.

“ಅಲ್ಲಿ ಕುಂತು ಸೈರನ್ ಕೇಳಬೇಕೇನು? ನನಗ ನೀರಿನ ಸಪ್ಪಳ ಬೇಕವಾ,” ಎನ್ನುತ್ತಿದ್ದಳು. ಸಣ್ಣವಳಿದ್ದಾಗಿನಿಂದಲೂ ಅವಳು ಹಾಗೆಯೇ, ನೀರು ಕಂಡಲ್ಲಿ ಕಾಲಿಳಿಬಿಟ್ಟು ಕೂತರೆ ಕರೆದರೂ ಕೇಳಿಸುತ್ತಿರಲಿಲ್ಲ.

ಹಿಂದಿನ ಸಲ ಕಳೆ ಬೆಳೆದು ಪೈರು ಹಾಳಾಗಿತ್ತು. ಮಾವ ಹಿರಿಯರನ್ನು ಕೂರಿಸಿ ಮಾತಾಡಿಸಿದರು. ಆಗ ಅಕ್ಕ ಎಲ್ಲರ ಎದುರು ಒಂದು ಮಾತು ಕೊಟ್ಟಳು: “ಈ ಸಲ ನಾಟಿ ಆಗಲಿಲ್ಲಂದ್ರ ಹೊಲ ಪಾಲಿಗೆ ಕೊಟ್ಟು ಮನಿಗೆ ಕೀಲಿ ಹಾಕಿ ಹಟ್ಟಿಗೆ ಬರ್ತೀನಿ. ಆತಿಲ್ಲೋ?” ಅದಾದ ಮೇಲೆ ಅವಳು ಸಸಿಮಡಿಯನ್ನು ಮಗುವನ್ನು ನೋಡಿಕೊಂಡಂತೆ ನೋಡಿಕೊಂಡಳು. ಸಸಿ ಗೇಣುದ್ದ ಎದ್ದು ನಿಂತಿತು. ಇನ್ನು ಬೇಕಾದದ್ದು ಅವಳ ಪಾಳಿಯ ನೀರು.

ಅಲ್ಲಿ ನೀರಿನ ಪಾಳಿ ಬದಲಾಗುತ್ತಿದ್ದದ್ದು ಕೂಗಿನ ಮೇಲೆ. ತೂಬಿನಿಂದ ಬಿಟ್ಟ ನೀರು ಮೇಲಿನ ಹೊಲಕ್ಕೆ ನಾಲ್ಕು ತಾಸು, ಆಮೇಲೆ ಅದರ ಕೆಳಗಿನದಕ್ಕೆ ನಾಲ್ಕು ತಾಸು, ಹೀಗೆ ಕೊನೆಯವರೆಗೆ. ಹೆಗಲ ಮೇಲೆ ಸಲಿಕೆ ಹೊತ್ತು ಏರಿಯ ಮೇಲೆ ತಿರುಗುವ ನೀರಿನ ಆಳು “ನಿಮ್ಮದಾತು!” ಎಂದು ಕೂಗಿದರೆ ಮುಗಿಯಿತು, ಮುಂದಿನವರು ತಮ್ಮ ಮಡಿಯ ಬಾಯಿ ಒಡೆದು ನೀರು ತಿರುಗಿಸಿಕೊಳ್ಳಬೇಕು. ಆ ವರ್ಷ ರೈತ ಸಂಘದ ಅಧ್ಯಕ್ಷರಿಗೆ ಉಮೇದು ಬಂತು. ಅವರದೊಂದು ಅಕ್ಕಿ ಗಿರಣಿ, ಅಲ್ಲಿ ನಮ್ಮದೇ ಕಂಪ್ಯೂಟರ್. ಪಾಳಿಯನ್ನೂ ಅದರಿಂದಲೇ ತೆಗೆಸೋಣ ಎಂದರು. ಗಿರಣಿಯ ಗುಮಾಸ್ತ ನನ್ನ ಕನ್ನಡದ ಪುಟ ಎದುರಿಗಿಟ್ಟುಕೊಂಡು ಪ್ರೋಗ್ರಾಂ ಬರೆದ. ಅಚ್ಚಾದ ಕಾಗದವನ್ನು ಗಿರಣಿಯ ಗೋಡೆಗೆ ಅಂಟಿಸಿದರು. ಕಾಗದ ಬಂದ ಮೇಲೆ ಕೂಗು ಯಾಕೆ ಎಂದು ನೀರಿನ ಆಳನ್ನು ಬೇರೆ ಕೆಲಸಕ್ಕೆ ಹಚ್ಚಿದರು.

ಒಂದು ಮಧ್ಯಾಹ್ನ ನಾನು ಪರದೆಯ ಮುಂದೆ ತೂಕಡಿಸುತ್ತಿದ್ದಾಗ ಅಕ್ಕ ಮೆಟ್ಟಿಲು ಹತ್ತಿ ಬಂದಳು. ಕನಸೇ ಇರಬೇಕು ಎನಿಸಿತು, ಅವಳು ಎಂದೂ ಆ ಕೋಣೆಗೆ ಬಂದವಳಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಸಸಿಯನ್ನು ನನ್ನ ಕೀಬೋರ್ಡಿನ ಮೇಲೆ ಇಟ್ಟಳು. ತುದಿಗಳೆಲ್ಲ ಹಳದಿಯಾಗಿ ಸುರುಳಿಕೊಂಡಿದ್ದವು.

“ನೋಡು, ನಿನ್ನ ಕಂಪ್ಯೂಟರ್ ಮಾಡಿದ್ದು. ಮ್ಯಾಲಿನವರು ಹನ್ನೆರಡು ತಾಸು ನೀರು ಕಟ್ಟಾಕತ್ತಾರ. ಕೇಳಿದ್ರ ಕಾಗದ ತೋರಸ್ತಾರ. ನನ್ನ ತನಕ ಒಂದು ಹನಿ ಬಂದಿಲ್ಲ.”

“ಯಾವ ಕಾಗದ?”

ಅದನ್ನು ಗೋಡೆಯಿಂದ ಕಿತ್ತುಕೊಂಡೇ ಬಂದಿದ್ದಳು. ಮೂಲೆಗಳಲ್ಲಿ ಇನ್ನೂ ಅಂಟಿನ ಹಿಟ್ಟು ಇತ್ತು. ಮೊದಲ ಹೊಲಕ್ಕೆ ‘10 ರಿಂದ 10’. ಅದರ ಕೆಳಗಿನದಕ್ಕೆ ‘2 ರಿಂದ 2’. ಮತ್ತೊಂದಕ್ಕೆ ‘6 ರಿಂದ 6’. ಕಾಗದದ ತುಂಬ ಹೀಗೆಯೇ.

ಬೇರೆ ಊರಾಗಿದ್ದರೆ ಯಾರಾದರೂ ನಕ್ಕು ಕಾಗದ ಹರಿಯುತ್ತಿದ್ದರೇನೋ. ಶುರುವಾದ ಹೊತ್ತಿಗೇ ಮುಗಿಯುವ ಪಾಳಿ ಎಲ್ಲಾದರೂ ಉಂಟೇ? ನಮ್ಮ ಕಡೆ ಯಾರಿಗೂ ಅನುಮಾನ ಬರಲಿಲ್ಲ. ನಮ್ಮಲ್ಲಿ ಕರೆಂಟು ಬರುವುದು ಆರರಿಂದ ಆರು, ಸುಗ್ಗಿಯಲ್ಲಿ ರಾಶಿ ಕಾಯುವುದು ಆರರಿಂದ ಆರು, ಗಿರಣಿ ನಡೆಯುವುದೂ ಆರರಿಂದ ಆರು. ಹತ್ತರಿಂದ ಹತ್ತು ಎಂದು ಓದಿದ ಕೂಡಲೇ ಎಲ್ಲರಿಗೂ ಹನ್ನೆರಡು ತಾಸು ಎಂದೇ ಅರ್ಥವಾಯಿತು. ಸರಕಾರ ನೀರು ಜಾಸ್ತಿ ಬಿಟ್ಟಿದೆ ಎಂದು ಖುಷಿಪಟ್ಟು ಒಬ್ಬರ ಮೇಲೊಬ್ಬರು ಮಡಿ ಒಡೆದುಕೊಂಡು ಕೂತಿದ್ದರು.

ನನ್ನ ಜೊಂಪು ಹಾರಿಹೋಯಿತು. ಸಸಿಯನ್ನು ಪಕ್ಕಕ್ಕೆ ಸರಿಸಿ ಪುಟ್ಟದೊಂದು ಪ್ರೋಗ್ರಾಂ ಬರೆದು ಅಕ್ಕನಿಗೆ ತೋರಿಸಿದೆ. ಹೊತ್ತು ಹೇಳುವ ಫಂಕ್ಷನ್ನನ್ನು ಪಾಳಿ ಶುರುವಾಗುವುದು ಯಾವಾಗ ಎಂದು ಕೇಳಿದೆ, ಮುಗಿಯುವುದು ಯಾವಾಗ ಎಂದು ಕೇಳಿದೆ, ಆಮೇಲೆ ಎರಡೂ ಉತ್ತರವನ್ನು ಒಟ್ಟಿಗೆ ಅಚ್ಚು ಮಾಡು ಎಂದೆ. ಎರಡು ಕಡೆಯೂ ಮುಗಿಯುವ ಹೊತ್ತೇ ಬಂತು. ಎರಡನೆಯದು ಬಂದು ಮೊದಲನೆಯದನ್ನು ಒರೆಸಿತ್ತು.

“ಇದು ಮದಲ ಗೊತ್ತಿತ್ತೇನು ನಿನಗ?” ಅಕ್ಕ ಕೇಳಿದಳು.

ನಾನು ಸರ್ ಕಡೆ ನೋಡಿದೆ. ಅವರು ಅಷ್ಟು ಹೊತ್ತೂ ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ಅವರಿಗೂ ಎಲ್ಲ ತಿಳಿದಿತ್ತು, ಮುಖದ ಬಣ್ಣವೇ ಹೇಳುತ್ತಿತ್ತು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, “ಲೈಬ್ರರಿನ್ಯಾಗ ಎರಡು ಜಾಗ ಮಾಡಿಬಿಡ್ತೀನಿ. ಅದನ್ನ ತುಂಬಿದ ಹೊಸಾ ಟೇಪು ಸದ್ದಿಲ್ದ ಎಲ್ಲಾ ಗಿರಣಿಗೂ ಕಳಿಸಿದ್ರಾತು. ಯಾರಿಗೂ ಗೊತ್ತಾಗಾಂಗಿಲ್ಲ,” ಎಂದರು.

“ಮೂರು ಸಲ ಕೇಳಿದವರಿಗೇನು ಮಾಡ್ತೀರಿ? ಮಸ್ಕಿ ಜಿನ್ನಿನ್ಯಾಗ ಹಳೇ ಟೇಪ ಇರತೈತಿ, ಅವರಿಗೆ?” ನನ್ನ ದನಿ ಏರಿತ್ತು. “ಹೊಸಾ ಟೇಪು ಆಮ್ಯಾಲೆ ಇರ್ಲಿ. ಈ ಕಾಗದ ತಪ್ಪು ಅಂತ ಇವತ್ತ ಯಾರರ ಅಲ್ಲಿ ಹೋಗಿ ಹೇಳಬೇಕಲ್ರೀ.”

“ನೀನ ಹೋಗಿ ಹೇಳು ಮತ್ತ.”

“ನಾ ಹೇಳಿದ್ರ ಅಕ್ಕನ ಪರ ಮಾತಾಡ್ತಾಳ ಅಂತಾರ. ನಂಬ್ತಾರೇನ್ರೀ?”

ಅದು ನಿಜವೆಂದು ಅವರಿಗೂ ಗೊತ್ತು. ಗಿರಣಿಯವರೆದುರು ನಿಂತು ತಮ್ಮ ಸರಕಿನ ಕೊರತೆಯನ್ನು ತಾವೇ ಹೇಳುವುದೆಂದರೆ ಅವರಿಗೆ ಪೇಟೆಯಲ್ಲಿ ರುಮಾಲು ಬಿಚ್ಚಿಟ್ಟಂತೆ. ಆ ಸುದ್ದಿ ಸಂಜೆಯೊಳಗೆ ಗಂಜ್ ತಲುಪುತ್ತದೆ. ಅಕ್ಕ ಅವರನ್ನು ಬೈಯಲಿಲ್ಲ. ಕೀಬೋರ್ಡಿನ ಪಕ್ಕದ ಸಸಿಯನ್ನು ಒಂದೊಂದಾಗಿ ಎತ್ತಿ ಮತ್ತೆ ಸೆರಗಿಗೆ ಕಟ್ಟಿಕೊಂಡಳು. “ನನ್ನ ಮಡಿ ನಾಳಿ ತನಕ ತಡೀಬೋದ್ರೀ ಸರ್. ಆಮ್ಯಾಲೆ ನೀರು ಬಂದ್ರೂ ಉಪಯೋಗಿಲ್ಲ,” ಎಂದಳು.

ಸರ್ ಫ್ಯಾನ್ ಆರಿಸಿದರು. “ನಡೀರಿ, ಬಸ್ಸೈತಿ,” ಎಂದರು.

ಬಸ್ಸಿನಲ್ಲಿ ಅವರು ಮುಂದಿನ ಸೀಟಿನಲ್ಲಿ ಒಬ್ಬರೇ ಕೂತರು. ನಾನೂ ಅಕ್ಕನೂ ಹಿಂದೆ. ಹೊರಗೆ ಮೇಲಿನ ಹೊಲಗಳೆಲ್ಲ ತುಂಬಿ ಆಕಾಶ ಅದರೊಳಗೆ ಬಿದ್ದಿತ್ತು. ಬೆಳ್ಳಕ್ಕಿಗಳು ಮೋಡದ ಮೇಲೆ ನಡೆದಂತೆ ನಡೆಯುತ್ತಿದ್ದವು. ಅಕ್ಕ ಕಿಟಕಿಯ ಕಡೆ ಮುಖವನ್ನೇ ಮಾಡಲಿಲ್ಲ.

ಗಿರಣಿಯ ಅಂಗಳದಲ್ಲಿ ಜನ ಸೇರಿದ್ದರು, ಕಾಗದ ಕಿತ್ತುಕೊಂಡು ಹೋದವಳ ಮೇಲೆ ಪಂಚಾಯಿತಿ ನಡೆದಿತ್ತು. ಅಧ್ಯಕ್ಷರು ಅಕ್ಕನನ್ನು ನೋಡಿ ಬಾಯಿ ತೆರೆಯುವಷ್ಟರಲ್ಲಿ ಸರ್ ಮುಂದೆ ಹೋಗಿ ನಿಂತರು.

“ಈ ಕಾಗದ ತಪ್ಪೈತ್ರೀ. ಗುಮಾಸ್ತನ ತಪ್ಪಲ್ಲ. ನಮ್ಮ ಲೈಬ್ರರಿನ್ಯಾಗ ಹೊತ್ತು ಹೇಳೋದಕ್ಕ ಒಂದ ಜಾಗ ಐತಿ, ಎರಡು ಸಲ ಕೇಳಿದ್ರ ಮದಲಿಂದು ಅಳೀತೈತಿ. ಹಂಗಂತ ಈಕಿ ಪುಟದಾಗ ಬರದಿದ್ದಳು. ನಾ ಅದನ್ನ ಅಳಿಸಿ ಕಳಿಸಿದೆ.”

ಮೇಲಿನ ಹೊಲದವನೊಬ್ಬ, “ಹಂಗಾರ ನಮ್ಮ ಹನ್ನೆರಡು ತಾಸು?” ಎಂದ.

“ನಾಕ ತಾಸ್ರೀ. ಮದಲಿನಂಗ.”

“ಮಷಿನ್ನಿನ್ಯಾಗ ದೋಷ ಐತಿ ಅಂತ ನೀವ ಹೇಳಾಕತ್ತೀರೇನ್ರೀ?” ಅಧ್ಯಕ್ಷರಿಗೆ ನಂಬಿಕೆಯೇ ಬರಲಿಲ್ಲ.

“ಹೇಳಾಕತ್ತೀನ್ರೀ,” ಎಂದರು ಸರ್. ಅಷ್ಟು ದಿನ ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಆ ಮಾತು ಕೇಳಿ ಇಳಿದುಹೋಯಿತು.

ಅಧ್ಯಕ್ಷರು ಮೀಸೆ ಎಳೆದುಕೊಂಡು, “ಇನ್ನ ಏನೇನು ದೋಷ ಅದಾವು, ಎಲ್ಲಾ ಬರದು ಕೊಡ್ರೀ. ಎತ್ತಿಗೆ ಯಾವ ಕಾಲು ಕುಂಟಂತ ಗೊತ್ತಿದ್ರ ಹೊಡಕೊಂಡು ಹೋಗಬೋದು,” ಎಂದರು. ನೀರಿನ ಆಳನ್ನು ಕರೆಸಿದರು. ಅವನು ಸಲಿಕೆ ಹೆಗಲಿಗೇರಿಸಿ ಏರಿ ಹತ್ತಿ “ನಿಮ್ಮದಾತು!” ಎಂದು ಕೂಗುತ್ತ, ಪಾಲಿಗಿಂತ ಹೆಚ್ಚು ಕಟ್ಟಿಕೊಂಡಿದ್ದ ಒಂದೊಂದೇ ಹೊಲ ದಾಟಿದ.

ನೀರು ಅಕ್ಕನ ಹೊಲ ಮುಟ್ಟಿದ್ದು ಹೊತ್ತು ಇಳಿಯುವಾಗ. ಒಣಗಿದ ಕಾಲುವೆಯಲ್ಲಿ ನೀರು ಓಡಿ ಬರುವುದಿಲ್ಲ, ಹುಡುಕುತ್ತ ಬರುತ್ತದೆ. ಮುಂದೆ ನೊರೆ, ನೊರೆಯ ಮೇಲೆ ಹುಲ್ಲುಕಡ್ಡಿ, ಕಡ್ಡಿಯ ಮೇಲೆ ಇರುವೆ. ಬಿರುಕಿನೊಳಗೆ ಇಳಿದು ಗುಳುಗುಳು ಅಂದು ಮತ್ತೆ ಹೊರಗೆ ಬಂತು. ಅಕ್ಕ ಮಂಡಿಯೂರಿ ಕೂತು ಅಂಗೈ ಕೊಟ್ಟಳು, ನೀರು ಅದನ್ನು ಬಳಸಿಕೊಂಡು ಮಡಿಯೊಳಗೆ ಹೋಯಿತು. ನಾವಿಬ್ಬರೂ ಎಷ್ಟೋ ಹೊತ್ತು ಅದರ ಸಪ್ಪಳ ಕೇಳುತ್ತ ಕೂತೆವು. ಮಡಿಯ ಸಸಿಯಲ್ಲಿ ಅರ್ಧದಷ್ಟು ಆಗಲೇ ಒಣಹುಲ್ಲಾಗಿತ್ತು.

“ನೀ ಬರದಿದ್ದಿಯಂತಲ್ಲ,” ಅಕ್ಕ ತಲೆ ಎತ್ತದೆ ಹೇಳಿದಳು.

“ಬರದಿದ್ದೆ. ಸರ್ ಅಳಿಸಿದ್ರು.”

“ಮತ್ತ ಬರೀಬೇಕಾಗಿತ್ತು.”

ಅಷ್ಟೇ ಅಂದಳು. ಮುಂದಿನ ವರ್ಷಗಳಲ್ಲಿ ಆ ಲೈಬ್ರರಿಯ ಯಾವ ಪುಟವೂ ನನ್ನ ಕೈಯಿಂದ ಖಾಲಿ ಕೊನೆಯೊಂದಿಗೆ ಹೊರಗೆ ಹೋಗಲಿಲ್ಲ, ಸರ್ ಕೂಡ ಬಣ್ಣದ ಬಾಟಲಿ ಮುಟ್ಟಲಿಲ್ಲ.

ನಾಟಿಯ ದಿನ ನಾನು ರಜೆ ಹಾಕಿ ಹೋದೆ. ಉಳಿದ ಸಸಿ ಅರ್ಧ ಗದ್ದೆಗೆ ಸಾಲುವಷ್ಟೇ ಇತ್ತು. ಹೆಣ್ಣಾಳುಗಳು ಬಾಗಿ ಸಸಿ ಹಚ್ಚುತ್ತಿದ್ದಾಗ ಮಾವ ಬೆಳಗಿನ ಬಸ್ಸಿಳಿದು ನೇರ ಹೊಲಕ್ಕೆ ಬಂದರು, ಪಾಳಿ ಮುಗಿಸಿದ ಬಟ್ಟೆಯಲ್ಲೇ. ಬದುವಿನ ಮೇಲೆ ನಿಂತು ಹಸಿರು ಬಿದ್ದ ಅರ್ಧವನ್ನೂ ಬರೀ ಕೆಸರಿದ್ದ ಅರ್ಧವನ್ನೂ ನೋಡಿದರು. ಹಾಡುತ್ತಿದ್ದ ಹೆಂಗಸರು ಸಸಿ ಕೈಯಲ್ಲೇ ಹಿಡಿದು ಅವರ ಕಡೆ ತಿರುಗಿದರು. ಮಾತು ಕೊಟ್ಟದ್ದು ಎಲ್ಲರಿಗೂ ಗೊತ್ತಿತ್ತು. ಅರ್ಧ ನಾಟಿ ನಾಟಿಯೋ ಅಲ್ಲವೋ, ಅದನ್ನು ಮಾತು ಕೊಟ್ಟ ದಿನ ಯಾರೂ ಕೇಳಿಕೊಂಡಿರಲಿಲ್ಲ.

ಅಕ್ಕ ಕೆಸರಿನೊಳಗಿಂದ ನೆಟ್ಟಗೆ ಎದ್ದು ನಿಂತಳು. ಗಂಡನ ಮುಖವನ್ನೇ ನೋಡಿದಳು. “ಇಷ್ಟ ಉಳದೈತ್ರೀ,” ಎಂದಳು. ಅವಳ ದನಿ ಹಾಗೆ ಒಡೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮಾವ ಬದುವಿನ ಮೇಲೆ ಕೂತು ಬೂಟು ಬಿಚ್ಚಿದರು. ಕಾಲುಚೀಲ ಮಡಿಸಿ ಅದರೊಳಗಿಟ್ಟರು. ಪ್ಯಾಂಟನ್ನು ಮೊಣಕಾಲಿನವರೆಗೆ ಸುತ್ತಿ ಕೆಸರಿಗಿಳಿದು, ಕೈ ಚಾಚಿ, “ತಾ, ನನಗೂ ಒಂದು ಕಟ್ಟು ಕೊಡು,” ಎಂದರು.